ಅದೇ ಗಿಡ

"ಮೇಲಿನ ಗೆಲ್ಲು ಇನ್ನೂ ಹಸಿರುಂಟು, ವಿಲ್ಮಾ. ನೆಡಲಿಕ್ಕೆ ನಾಲ್ಕು ತುಂಡು ತೆಗೆದಿಟ್ಟು ಆಮೇಲೆ ಬೇಕಾದರೆ ಗಿಡ ಸುಡು," ಎಂದ ಪ್ರೆಸಿಲ್ಲಾಬಾಯಿ ಕತ್ತರಿಯನ್ನು ಮಾತ್ರ ಸೊಸೆಗೆ ಕೊಡದೆ ಸೆರಗಿನಡಿ ಹಿಡಿದುಕೊಂಡರು.

ಶಂಕರಪುರದ ಆ ಹಿತ್ತಿಲ ಮಲ್ಲಿಗೆಗೆ ಹಳದಿ ರೋಗ ಬಂದಿತ್ತು. ಎಲೆ ತುಂಬ ಮಚ್ಚೆ, ಮೊಗ್ಗು ಸಾಸಿವೆಯಷ್ಟು. ವಿಲ್ಮಾಳ ಗಂಡ ಜೋಯಲ್ ಕಾಲೇಜಿಗೆ ಹೋಗುವಾಗ ನೆಟ್ಟ ಗಿಡ. ಅವನು ತೀರಿಹೋಗಿ ಹನ್ನೊಂದು ತಿಂಗಳಾಗಿತ್ತು. ಮಕ್ಕಳಿರಲಿಲ್ಲ.

"ತುಂಡಿನ ಜೊತೆ ರೋಗವೂ ಬರುತ್ತದೆ, ಮಾಂಯ್." ಕಾರ್ಕಳದ ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುವ ವಿಲ್ಮಾ ಅತ್ತೆಗೂ ಪಾಠದ ದನಿಯಲ್ಲೇ ಹೇಳಿದಳು. "ಗೆಲ್ಲು ಅಂದರೆ ಗಿಡದ ಮಗು ಅಲ್ಲ. ಅದೇ ಗಿಡ."

"ಹಾಗಾದರೆ ಅವನದ್ದು ಅಂತ ಎಂತ ಉಳಿಯಿತು?"

ವಿಲ್ಮಾಳಿಗೆ ಅಳು ಬರಲಿಲ್ಲ. ಇತ್ತೀಚೆಗೆ ಯಾವುದೂ ಬರುತ್ತಿರಲಿಲ್ಲ. ಮಚ್ಚೆಯ ಎಲೆಯೊಂದನ್ನು ತಿರುಗಿಸಿ ನೋಡಿ ಕೇಳಿದಳು, "ರೋಗ ಬರುವ ಮೊದಲು ಅವರು ಇದರ ಗೆಲ್ಲು ಯಾರಿಗಾದರೂ ಕೊಟ್ಟಿದ್ದರಾ?"

ಪಕ್ಕದೂರು ಇನ್ನಂಜೆಯ ಪ್ರಫುಲ್ಲಾ ಶೆಡ್ತಿಗೆ ಜೋಯಲ್ ಕೊಟ್ಟಿದ್ದ. ಇಬ್ಬರೂ ರಿಕ್ಷಾ ಹತ್ತಿದರು.

"ಅಯ್ಯೋ ಬಾಯಮ್ಮ, ಇದಕ್ಕೆ ಕೇಳುವುದು ಎಂತ?" ಪ್ರಫುಲ್ಲಾ ಗೆಲ್ಲು ಬಗ್ಗಿಸಿದರು. "'ಗಿಡ ಸತ್ತರೆ ನನ್ನನ್ನು ಬೈಬೇಡಿ ಅಕ್ಕಾ' ಅಂದಿದ್ದ ನಿಮ್ಮ ಮಗ. ಈಗ ನೋಡಿ, ಇದು ಹಬ್ಬಿ ನನಗೆ ಬಟ್ಟೆ ಒಗೆಯಲಿಕ್ಕೆ ಜಾಗ ಇಲ್ಲ." ಎಲೆಗಳು ಕಡು ಹಸಿರಾಗಿದ್ದವು. ಬಾಳೆಎಲೆಯಲ್ಲಿ ತುಂಡನ್ನು ಸುತ್ತುತ್ತ ಅವರು ದನಿ ತಗ್ಗಿಸಿದರು. "ನೆಡುವುದು ಮಾತ್ರ ಗಂಡ ಇರುವವರ ಕೈಯಿಂದ ನೆಡಿಸಿ. ಮಲ್ಲಿಗೆ ಅಲ್ವಾ..." ವಿಲ್ಮಾಳ ಮುಖ ಕಂಡು ನಾಲಿಗೆ ಕಚ್ಚಿಕೊಂಡರು.

"ನಾನು ನಲವತ್ತು ಗಿಡ ನೆಟ್ಟಿದ್ದೇನೆ, ಶೆಡ್ತಿ. ಹೆಚ್ಚಿನದ್ದು ಗಂಡ ಹೋದ ಮೇಲೆ," ಎಂದರು ಪ್ರೆಸಿಲ್ಲಾಬಾಯಿ. "ಅವುಗಳ ಹೂ ನಿಮ್ಮ ಮಗಳ ಮದುವೆಗೆ ಆಯಿತಲ್ಲ?"

ಪ್ರಫುಲ್ಲಾ ಇನ್ನೆರಡು ತುಂಡು ಕತ್ತರಿಸಿ ಕೊಟ್ಟರು.

ಮನೆಗೆ ಬಂದು ಪ್ರೆಸಿಲ್ಲಾಬಾಯಿ ಕತ್ತರಿಯನ್ನು ಸೊಸೆಯ ಕೈಗಿಟ್ಟು ಒಳಗೆ ಹೋದರು. ವಿಲ್ಮಾ ಹಳೆಯ ಗಿಡವನ್ನು ಬುಡಸಹಿತ ಕಿತ್ತು ಸುಟ್ಟಳು. ಕೈ, ಕತ್ತರಿ ಎರಡನ್ನೂ ಸೋಪು ಹಾಕಿ ತೊಳೆದಳು. ಆಮೇಲೆ ಬಾವಿಯ ಆಚೆ, ರೋಗ ಮುಟ್ಟದ ಮಣ್ಣಿನಲ್ಲಿ ಕುಳಿತು ತುಂಡುಗಳ ಕೆಳಗಿನ ಎಲೆ ಬಿಡಿಸಿದಳು. ಒಂದರ ತುದಿಯಲ್ಲಿ ಎರಡು ಮೊಗ್ಗಿದ್ದವು. ಮೊಗ್ಗಿದ್ದರೆ ಬೇರು ಬರುವುದು ಕಷ್ಟ. ಅವನ್ನು ಚಿವುಟಿ ಎಡಗೈಯಲ್ಲಿ ಹಿಡಿದುಕೊಂಡಳು. ಬಲಗೈಯೊಂದರಿಂದಲೇ ಮೂರನ್ನೂ ನೆಟ್ಟು ಮಣ್ಣು ಒತ್ತಿದಳು.

ಕೈ ತೊಳೆಯಲು ನಲ್ಲಿಯ ಹತ್ತಿರ ಬಂದವಳು ಬಲಗೈಯನ್ನಷ್ಟೇ ತೊಳೆದಳು. ಅದೇ ಗಿಡದ ಮೊಗ್ಗಿದ್ದ ಎಡಗೈಯ ಮುಷ್ಟಿ ಬಿಚ್ಚದೆ ಅಲ್ಲೇ ನಿಂತಳು. ನೀರು ಹರಿಯುತ್ತಲೇ ಇತ್ತು.