ಬೆಣ್ಣೆಯಿಲ್ಲದ ಬಿಸ್ಕತ್ತು

ಗಂಡನ ಬೇಕರಿಯ ಹಿಂದಿನ ಕೋಣೆಗೆ ಕಾಲಿಟ್ಟರೆ ಸಾಕು, ಬೆಣ್ಣೆ ಕಾದ ವಾಸನೆಗೆ ಅವಳು ಈಗ ಸೆರಗಿನಿಂದ ಮೂಗು ಮುಚ್ಚಿಕೊಳ್ಳುತ್ತಿದ್ದಳು. ಗೋಡೆಗೆ ಜಿಡ್ಡು, ಬಾಗಿಲ ಹಿಡಿಗೆ ಜಿಡ್ಡು, ಗಂಡನ ಮುಂಗೈ ಕೂದಲಿಗೂ ಜಿಡ್ಡು. ಮದುವೆಯಾದ ಹೊಸದರಲ್ಲಿ ಇದೇ ವಾಸನೆಗೆ ಬಾಯಲ್ಲಿ ನೀರೂರುತ್ತಿತ್ತು ಎಂದು ನೆನೆದರೆ ತನ್ನ ಮೇಲೇ ಹೇಸಿಗೆ.

ಎಂಟು ವರ್ಷದ ಮಗಳ ರಕ್ತದಲ್ಲಿ ಮುದುಕರಿಗೂ ಇರಬಾರದಷ್ಟು ಕೊಲೆಸ್ಟ್ರಾಲ್ ಇತ್ತು. ಇದು ತಿಂದು ಬಂದದ್ದಲ್ಲ, ವಂಶದಿಂದ ಬಂದದ್ದು, ಹೀಗೇ ಬಿಟ್ಟರೆ ಚಿಕ್ಕ ವಯಸ್ಸಿಗೇ ಹೃದಯಕ್ಕೆ ಕುತ್ತು ಎಂದಿದ್ದರು ಡಾಕ್ಟರು. ಮಾತ್ರೆಯ ಜೊತೆ ಊಟದಲ್ಲೂ ಕಟ್ಟುನಿಟ್ಟು ಬೇಕು, ಅಪ್ಪ ಅಮ್ಮ ಇಬ್ಬರೂ ರಕ್ತ ಪರೀಕ್ಷೆ ಮಾಡಿಸಿಕೊಳ್ಳಬೇಕು. ಅವಳು ಮಾಡಿಸಿಕೊಂಡಳು, ಏನೂ ಇರಲಿಲ್ಲ. ಗಂಡನೋ, ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ, ತನ್ನಪ್ಪ ಸತ್ತದ್ದು ಒಲೆಯ ಸೆಕೆಗೇ ಹೊರತು ಎದೆನೋವಿಗಲ್ಲ ಎಂದು ಪರೀಕ್ಷೆಗೆ ಹೋಗಲೇ ಇಲ್ಲ. ನಲವತ್ತು ದಾಟುವ ಮೊದಲೇ ಕುಸಿದುಬಿದ್ದ ಮನುಷ್ಯನ ಬಗ್ಗೆ ಆಡುವ ಮಾತೇ ಅದು? ಅತ್ತೆ ಬೇರೆ ಮಗನಿಗೆ ತಾಳ ಹಾಕಿದರು.

ಅವಳು ಮನೆಯಿಂದ ಬೆಣ್ಣೆ, ಕೆನೆ ಎಲ್ಲವನ್ನೂ ಓಡಿಸಿ ಕಾಳು, ಸೊಪ್ಪು, ಹಣ್ಣು ಎಂದು ಹೆಣಗಾಡಿದಳು. ಹುಡುಗಿ ತಕರಾರಿಲ್ಲದೆ ತಿಂದಳು. ಆದರೂ ಮುಂದಿನ ಪರೀಕ್ಷೆಯಲ್ಲಿ ಕೊಲೆಸ್ಟ್ರಾಲ್ ಇಳಿಯಬೇಕಾದಷ್ಟು ಇಳಿದಿರಲಿಲ್ಲ. ಆಸ್ಪತ್ರೆಯಲ್ಲಿ ಪಥ್ಯ ಹೇಳುವಾಕೆ ಮಗಳನ್ನೇ ಕೂರಿಸಿಕೊಂಡು ವಿಚಾರಿಸಿದಾಗ ವಿಷಯ ಹೊರಬಿತ್ತು. ಅಪ್ಪ ದಿನಾ ಸಂಜೆ ಬೇಕರಿಯಲ್ಲಿ ಅವಳಿಗೆಂದೇ ಬೇರೆ ಬಿಸ್ಕತ್ತು ಬೇಯಿಸುತ್ತಿದ್ದ. ಬೆಣ್ಣೆ ಇಲ್ಲ, ಮೊಟ್ಟೆ ಇಲ್ಲ, ಬದಲಿಗೆ ಡಬ್ಬದ ವನಸ್ಪತಿ. ಎಣ್ಣೆಯನ್ನು ಗಟ್ಟಿ ಮಾಡಿದ ಆ ಕೊಬ್ಬು ಇಂಥ ಮಕ್ಕಳಿಗೆ ಬೆಣ್ಣೆಗಿಂತಲೂ ಕೆಟ್ಟದ್ದು ಎಂದಳು ಆಕೆ. ಬಾಣಲೆಯಿಂದ ಬೆಂಕಿಗೆ ಬಿದ್ದಿತ್ತು ಮಗು.

ಅವಳು ಮಗಳ ಕೈಹಿಡಿದು ನೇರ ಬೇಕರಿಗೆ ಬಂದಳು. ಟ್ರೇ ಆಗಲೇ ತಯಾರಿತ್ತು. ಕೇಳಿದ್ದನ್ನೆಲ್ಲ ಅವನ ಮುಖಕ್ಕೆ ಹೇಳಿದಳು. ಹೆತ್ತವರಿಗೆ ಹೆಗ್ಗಣ ಮುದ್ದು. ಅವನಿಗೆ ನೊಂದದ್ದು ಬಿಸ್ಕತ್ತಿಗಾದ ಅವಮಾನಕ್ಕೆ. ಗಿಡದ ಎಣ್ಣೆ ಯಾರಿಗೆ ಏನು ಮಾಡೀತು, ಎಷ್ಟು ಹಗುರಾಗಿ ಪುಡಿಯಾಗುತ್ತದೆ ನೋಡು ಎಂದು ವಾದಿಸಿದ. ಕೊನೆಗೆ ಮಗಳ ಕಡೆ ತಿರುಗಿದ.

"ನೀನೇ ಹೇಳು ಪುಟ್ಟಿ, ಹೇಗಿರತ್ತೆ?"

ಹುಡುಗಿ ಅಮ್ಮನನ್ನು ನೋಡಿದಳು, ಅಪ್ಪನನ್ನು ನೋಡಿದಳು.

"ಬಾಯೊಳಗೆ ಮೇಣ ಮೆತ್ತಿದ ಹಾಗಿರತ್ತಪ್ಪ. ನಂಗೆ ಈ ಕಾಯಿಲೆ ಅಂದಾಗಿಂದ ನೀನು ನನ್ನ ಹತ್ರ ಸರಿಯಾಗಿ ಮಾತಾಡಲ್ಲ. ಇದು ತಿಂದಾಗ ಮಾತ್ರ ನಗ್ತೀಯ."

ಅವನು ಟ್ರೇಯಿಂದ ಒಂದು ಬಿಸ್ಕತ್ತು ತೆಗೆದು ಬಾಯಿಗಿಟ್ಟ. ಅದನ್ನು ಅವನು ರುಚಿ ನೋಡಿದ್ದು ಅದೇ ಮೊದಲು. ಅಗಿದ, ನುಂಗಲಾಗಲಿಲ್ಲ, ತೊಟ್ಟಿಗೆ ಹೋಗಿ ಉಗುಳಿದ. ಅವಳಿಗೆ ಕನಿಕರವೇನೂ ಬರಲಿಲ್ಲ. ಬಿಳಿ ಹಿಟ್ಟು ಅಂಟಿದ ಆ ತುಟಿಯನ್ನು ಕಂಡು ಅಸಹ್ಯವೇ ಆಯಿತು. ಅವನು ನಲ್ಲಿ ಬಿಟ್ಟುಕೊಂಡು ಮೊಣಕೈವರೆಗೆ ಸೋಪು ಹಚ್ಚಿ ಉಜ್ಜತೊಡಗಿದ, ತಿರುಗಿ ನೋಡಲಿಲ್ಲ.

"ಪರೀಕ್ಷೆಗೆ ರಕ್ತ ಕೊಡೋಕೆ ಎಷ್ಟೊತ್ತಿಗೆ ಹೋಗ್ಬೇಕು?"

"ಬೆಳಿಗ್ಗೆ, ಖಾಲಿ ಹೊಟ್ಟೇಲಿ," ಎಂದು ಅವಳು ಟ್ರೇಯನ್ನು ಕಸದ ಬುಟ್ಟಿಗೆ ಬೋರಲು ಹಾಕಿದಳು.