ಜೋಡಿ ಗೂಡಿನ ಬೆಳಕು

ಅಮಾವಾಸ್ಯೆಯ ದಿನ ಕರಿ ಎಮ್ಮೆಯನ್ನು ಕರಿ ಕಂಬಳಿಯಲ್ಲಿ ಸುತ್ತಿ ಹಾಳುಬಾವಿಗೆ ಇಳಿಸಿದರೂ, ಅದರ ಕಿವಿಯ ಮೇಲೆ ಕೂತ ಉಣ್ಣೆಹುಳು ಗಂಡೋ ಹೆಣ್ಣೋ ಗೊತ್ತಾಗುವಂತೆ ವಿಡಿಯೊ ತೆಗೆಯಬಲ್ಲವನು ನಾನು. ಕೊಳ್ಳೇಗಾಲ, ಹನೂರು, ಯಳಂದೂರು ಮೂರೂ ಕಡೆ ಕತ್ತಲೆ ನನ್ನನ್ನು ಕಂಡರೆ ಎದ್ದು ನಿಂತು ಜಾಗ ಬಿಡುತ್ತದೆ. ಈ ಮಾತನ್ನು ನನ್ನ ಸ್ಟುಡಿಯೊ ಎದುರಿನ ಚಿಕ್ಕಮಾದಪ್ಪನ ಟೀ ಅಂಗಡಿಯಲ್ಲಿ ಎಷ್ಟು ಸಲ ಹೇಳಿದ್ದೇನೆಂದರೆ, ಕೇಳಿ ಕೇಳಿ ಅವನ ಹಾಲೂ ಒಡೆದಿದೆ.

ನಂಬದವರಿಗೆ ಫೋನು ತೆಗೆದು ತೋರಿಸುತ್ತೇನೆ. ಕತ್ತಲ ಕೋಣೆಯಲ್ಲಿ ರೇಷ್ಮೆಹುಳುವೊಂದು ತಲೆಯೆತ್ತಿ ಮೊದಲ ಎಳೆ ಬಿಡುವ ವಿಡಿಯೊ ಅದು. ಎಳೆ ಚಿನ್ನದ ಹಾಗೆ ಹೊಳೆಯುತ್ತದೆ. ಕ್ಯಾಮೆರಾ ಚೀಲದ ಜಿಪ್ಪಿಗೆ ಕಟ್ಟಿಕೊಂಡಿರುವ ದಪ್ಪ ಗೂಡನ್ನೂ ತೋರಿಸಿ, ಬಿಳಿಗಿರಿ ಕಾಡಿನಲ್ಲಿ ಬೆಕ್ಕಿನ ಗಾತ್ರದ ಹುಳು ಕಟ್ಟಿದ್ದು ಎನ್ನುತ್ತೇನೆ.

ಮೊನ್ನೆಯೂ ಅದೇ ಕಥೆ ಶುರುಮಾಡಿದ್ದೆ. ಹಿಂದೊಮ್ಮೆ ರೇಷ್ಮೆ ಬೆಳೆಗಾರರ ಸಂಘವೊಂದು ತಮ್ಮ ಸಭೆಯಲ್ಲಿ ತೋರಿಸಲು ವಿಡಿಯೊ ಕೇಳಿತ್ತು. ಹುಳು ಎಳೆ ಬಿಡುವುದು ಕಣ್ಣಿಗೆ ಕಾಣಬೇಕು, ಕಂಡರೆ ಮುಂದಿನ ಕೆಲಸವೆಲ್ಲ ನಿನಗೇ ಎಂದಿದ್ದರು. ಕಾಣದಿದ್ದರೆ ಸ್ಟುಡಿಯೊ ಬಾಗಿಲು ಎಳೆದು, ನನ್ನ ಭಾವನ ಹಾರ್ಡ್‌ವೇರ್ ಅಂಗಡಿಯಲ್ಲಿ ಮೊಳೆ ತೂಗುವುದೊಂದೇ ದಾರಿ. ಭಾವ ಆಗಲೇ ನನಗಾಗಿ ಒಂದು ಸ್ಟೂಲು ತಂದಿಟ್ಟಿದ್ದರು. ಆ ಸ್ಟೂಲು ನನ್ನ ಕನಸಿನಲ್ಲೂ ಬಂದು ಕೂತುಕೊಳ್ಳುತ್ತಿತ್ತು.

ಯಳಂದೂರಿನ ಹತ್ತಿರ ನನ್ನ ತಾಯಿಯ ಅಕ್ಕ ಗುರುಬಸಮ್ಮ ಹುಳು ಸಾಕುತ್ತಾರೆ. ಅಲ್ಲಿಗೇ ಹೋದೆ. ದೊಡ್ಡವ್ವ ನನ್ನನ್ನು ಹುಳು ಮನೆಯ ಹೊಸ್ತಿಲಲ್ಲೇ ತಡೆದರು. ನಾನು ಅಂಗಿಗೆ ಸೆಂಟು ಹಾಕಿಕೊಂಡಿದ್ದೆ. ಹುಳುಗಳಿಗೆ ಆ ವಾಸನೆ ಆಗುವುದಿಲ್ಲ. ಅಂಗಿ ಬಿಚ್ಚಿಸಿ, ಕೈಕಾಲು ತೊಳೆಸಿ, ದೊಡ್ಡಪ್ಪನ ಪಂಚೆ ಉಡಿಸಿ, ಸುಣ್ಣದ ಪುಡಿ ತುಳಿಸಿ ಒಳಗೆ ಬಿಟ್ಟರು. ಹೊರಗೆ ತಂಪುಗಾಳಿಯಿದ್ದುದರಿಂದ, ಹಣ್ಣಾದ ಹುಳುಗಳು ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗಳನ್ನೆಲ್ಲ ಒಳಗೇ ಗೋಡೆಗೆ ಒರಗಿಸಿದ್ದರು. ಕಿಟಕಿಗೆ, ಬಾಗಿಲಿಗೆ ಗೋಣಿತಾಟು. ನನ್ನ ಕೈ ನನಗೇ ಕಾಣದು.

ನಾನು ಎಲ್ಇಡಿ ಲೈಟು ಹಾಕಿದೆ. ಹುಳುಗಳು ಸಾಲ ಕೇಳಲು ಬಂದ ನೆಂಟನನ್ನು ಕಂಡಂತೆ ಮುಖ ತಿರುಗಿಸಿ ನೆರಳಿನ ಕಡೆ ಹೊರಟವು. ದೊಡ್ಡವ್ವ ಲೈಟು ಕಸಿದುಕೊಂಡು ಆರಿಸಿದರು.

"ಬೆಳ್ಕು ಬಿದ್ರೆ ಉಳ ಎಲ್ಲಾ ಒಂದೇ ಕಡೀಕೆ ಓಗಿ ಗುಂಪಾಯ್ತವೆ ಕಣ್ಲಾ. ಎರಡು ಸೇರ್ಕಂಡು ಒಂದೇ ಗೂಡು ಕಟ್ಬುಡ್ತವೆ. ಆ ಜೋಡಿ ಗೂಡ್ನಾಗೆ ನೂಲು ಸುತ್ತಾಗ ಬಿಚ್ಚಕಾಗಲ್ಲ, ಸಿಕ್ಕಾಯ್ತದೆ."

ಇಲ್ಲಿಯವರೆಗೆ ನಾನು ಹೇಳುವುದೆಲ್ಲ ನಿಜ. ಮುಂದಿನದೂ ಅರ್ಧ ನಿಜ. ಲೆನ್ಸಿನ ಕಣ್ಣನ್ನು ಪೂರ್ತಿ ಅಗಲಿಸಿದೆ. ಶಟರ್ ನಿಧಾನ ಮಾಡಿದೆ. ಕೈ ನಡುಗದ ಹಾಗೆ ಕಂಬಕ್ಕೆ ಬೆನ್ನು ಕೊಟ್ಟು, ಮೊಣಕೈಗಳನ್ನು ಪಕ್ಕೆಗೆ ಒತ್ತಿ, ಉಸಿರು ಬಿಗಿಹಿಡಿದೆ. ಇದ್ದ ಬೆಳಕನ್ನೇ ಹಿಗ್ಗಿಸುವ ಐಎಸ್ಒ ಏರಿಸಿದೆ, ಏರಿಸಿದಷ್ಟೂ ಪರದೆಯ ತುಂಬ ಉಪ್ಪಿಟ್ಟಿನ ರವೆ ಚೆಲ್ಲಿದಂತೆ ಕಾಳುಕಾಳು. ಹುಳು ಕಂಡಿತು, ಎಳೆ ಮಾತ್ರ ಕಾಣಲಿಲ್ಲ.

"ಆಗ ಒಂದು ಮಿಂಚುಹುಳ ಆರ್ಕೊಂಡ್ ಬಂತು," ಎಂದೆ ಟೀ ಅಂಗಡಿಯಲ್ಲಿ. "ಬಾರಪ್ಪ, ನನ್ ಎಗಲ್ ಮೇಲೆ ಕೂತ್ಕೊ ಅಂದೆ. ಕೂತ್ಕತು. ಅದರ ಬೆಳಕಲ್ಲೇ ತಗ್ದೆ."

ಚಿಕ್ಕಮಾದಪ್ಪ ನನ್ನ ಫೋನನ್ನು ಮೂಗಿನ ಹತ್ತಿರ ಹಿಡಿದು ನೋಡುತ್ತಿದ್ದ. ವಿಡಿಯೊ ನಿಲ್ಲಿಸಿ, ಪರದೆಯ ಬಲಮೂಲೆಯನ್ನು ಎರಡು ಬೆರಳಲ್ಲಿ ಹಿಗ್ಗಿಸಿ ಎಲ್ಲರಿಗೂ ತೋರಿಸಿದ.

"ಅಲ್ಲ ಕಣ್ಲಾ ಶಾಂತಮೂರ್ತಿ, ನಿನ್ ಮಿಂಚುಳ ಅಸ್ರು ಬಳೆ ತೊಟ್ಕಂಡಿತ್ತಾ?"

ಇಷ್ಟು ಸಲ ನೋಡಿದ್ದರೂ ನನ್ನ ಕಣ್ಣಿಗೇ ಬಿದ್ದಿರಲಿಲ್ಲ. ಎರಡು ಹಸಿರು ಬಳೆ, ಒಂದು ಸ್ಟೀಲ್ ತಟ್ಟೆಯ ಅಂಚು. ಬೆಂಚಿನ ಮೇಲಿದ್ದವರೆಲ್ಲ ನಕ್ಕರು. ನಾನು ಇನ್ನೊಂದು ಸುಳ್ಳಿಗೆ ಬಾಯಿ ತೆರೆದೆ. ಬಳೆ ತೊಟ್ಟ ಆ ಕೈಯನ್ನು ನೋಡುತ್ತಿದ್ದರೆ ಸುಳ್ಳು ಬರಲಿಲ್ಲ. ಇದ್ದದ್ದು ಇದ್ದ ಹಾಗೆ ಹೇಳಿದೆ.

ಅವತ್ತು ನಾನು ಕ್ಯಾಮೆರಾ ಮಡಿಲಲ್ಲಿಟ್ಟುಕೊಂಡು ನೆಲದ ಮೇಲೆ ಕೂತುಬಿಟ್ಟಿದ್ದೆ. ದೊಡ್ಡವ್ವ ಯಾಕೆಂದು ಕೇಳಿದರು. ಭಾವನ ಸ್ಟೂಲಿನ ವಿಷಯ ಹೇಳಿದೆ. ಹುಳುವಿನ ಹಿಂದಿನಿಂದ ಒಂಚೂರು ಬೆಳಕು ಬಂದಿದ್ದರೆ ಎಳೆ ಮಿಂಚುತ್ತಿತ್ತು ಎಂದು ಗೊಣಗಿದೆ. ಅವರು ಒಂದು ಚಂದ್ರಿಕೆಯನ್ನು ಬೇರೆ ಮಾಡಿ ಪಡುವಣ ಬಾಗಿಲ ಬಳಿ ಒರಗಿಸಿದರು. ಉಳಿದವುಗಳ ಮೇಲೆ ಹಳೆಯ ಸೀರೆಗಳನ್ನು ಹೊದಿಸಿದರು. ಎಳೆಮಗುವಿಗೂ ಯಾರೂ ಅಷ್ಟು ಮೆತ್ತಗೆ ಹೊದಿಸುವುದಿಲ್ಲ.

"ಇದೊಂದು ಚಂದ್ರಿಕೆ ನಿಂಗೆ ಬುಟ್ಟೆ, ತಕ. ಉಳ ಓದ್ರೆ ಇನ್ನೊಂದು ಬೆಳೆಗೆ ಬತ್ತವೆ. ನೀನು ಮೊಳೆ ತೂಗಕೆ ಓಗ್ಬೇಡ."

ಒಂದು ಕೈಯಲ್ಲಿ ಗೋಣಿತಾಟಿನ ಅಂಚು ಎತ್ತಿದರು. ಇಳಿಹೊತ್ತಿನ ಬಿಸಿಲು ಹುಳುವಿನ ಹಿಂದಿನಿಂದ ಬಂತು. ಇನ್ನೊಂದು ಕೈಯಲ್ಲಿ ಊಟದ ತಟ್ಟೆ ಹಿಡಿದರು; ಅದರಿಂದ ಮರಳಿದ ಬೆಳಕು ಹುಳುವಿನ ಮುಖದ ಮೇಲೆ ಮೆಲ್ಲಗೆ ಬಿತ್ತು. ಎಳೆ ಹೊಳೆಯಿತು. ನಾನು ಸಾಕು ಎನ್ನುವವರೆಗೆ ಅವರು ಕೈ ಇಳಿಸಲಿಲ್ಲ.

ಸಂಘದವರು ಒಪ್ಪಿದರು, ಸ್ಟುಡಿಯೊ ಬಾಗಿಲು ಇವತ್ತಿಗೂ ತೆರೆದಿದೆ. ಆ ಚಂದ್ರಿಕೆಯಲ್ಲಿ ಮಾತ್ರ ಜೋಡಿ ಗೂಡುಗಳೇ ಹೆಚ್ಚು. ದೊಡ್ಡವ್ವ ನಗುತ್ತ ಒಂದನ್ನು ನನ್ನ ಕೈಗೆ ಹಾಕಿದ್ದರು. ಚೀಲದ ಜಿಪ್ಪಿನಲ್ಲಿ ತೂಗುತ್ತಿರುವುದು ಅದೇ. ಬೆಕ್ಕಿನ ಗಾತ್ರದ ಹುಳು ಬಿಳಿಗಿರಿಯಲ್ಲಿ ಇಲ್ಲ.

ಯಾರೂ ನಗಲಿಲ್ಲ. ಚಿಕ್ಕಮಾದಪ್ಪ ಗೂಡನ್ನು ಬೆರಳಲ್ಲಿ ಮುಟ್ಟಿ ನೋಡಿ, ಫೋನು ವಾಪಸು ಕೊಟ್ಟ.

"ಓಗ್ಲಿ, ಆ ತಟ್ಟೆ ಇಡ್ಕಳವ್ವಾ ಅಂತ ಏಳ್ಕೊಟ್ಟಿದ್ದಾದ್ರೂ ನೀನೇಯಾ?"

"ಇಲ್ಲ ಕಣಣ್ಣ," ಎಂದೆ. "ಅದೂ ದೊಡ್ಡವ್ವನೇ."