ಪಾತ್ರೆಯ ತಳದ ವಿಳಾಸ

ನಮ್ಮ ಚರ್ಚಿನ ಸಹಭೋಜನಕ್ಕೆ ಯಾರು ಏನೇ ಮಾಡಿ ತರಲಿ, ಪಾತ್ರೆಯ ತಳಕ್ಕೆ ಹೆಸರು, ವಿಳಾಸ ಬರೆದ ಪಟ್ಟಿ ಅಂಟಿಸಲೇಬೇಕು. ಇಲ್ಲದಿದ್ದರೆ ಪಾತ್ರೆಗಳು ಅದಲುಬದಲಾಗಿ, ಭಾನುವಾರ ಪ್ರಾರ್ಥನೆ ಮಾಡಿದ ಹೆಂಗಸರೇ ಸೋಮವಾರ ಕಿತ್ತಾಡುತ್ತಾರೆ. ಅಡುಗೆಮನೆ ನನ್ನ ಕೈಯಲ್ಲಿದೆ. ಈ ಕಾನೂನೂ ನನ್ನದೇ.

ಊರಿಗೆ ಹೊಸದಾಗಿ ಬಂದಿದ್ದ ಮಾರ್ನಿ, ತನ್ನ ಅಜ್ಜಿಯ ಕಾಲದ ನೀಲಿ ಹೂವಿನ ಗಾಜಿನ ಪಾತ್ರೆಯಲ್ಲಿ ಆಲೂಗಡ್ಡೆ, ಚೀಸು ಬೇಯಿಸಿ ತಂದಿದ್ದಳು. ಪಟ್ಟಿ ಕೊಟ್ಟರೆ ಹಿಂದೆಮುಂದೆ ನೋಡಿದಳು.

"ಬರೀಲೇಬೇಕಾ, ಅರ್ಲೀನ್?"

"ಮಹಾರಾಣಿ ಬಂದ್ರೂ ಬರೀಬೇಕು ಕಣೇ."

ಬರೆದಳು. ವಿಳಾಸ ನಮ್ಮ ರಾಜ್ಯದ ರಾಜಧಾನಿ, ದೂರದ ಒಲಿಂಪಿಯಾದ ಒಂದು ಅಂಚೆ ಪೆಟ್ಟಿಗೆ. ಗಂಡನ ಕಾಟಕ್ಕೆ ಓಡಿಬಂದವರಿಗೆಲ್ಲ ಸರ್ಕಾರ ಕೊಡುವ ಒಂದೇ ವಿಳಾಸ ಅದು. ಅಲ್ಲಿಗೆ ಬಂದ ಟಪಾಲು ಗುಟ್ಟಾಗಿ ಅವರವರ ಮನೆ ಸೇರುತ್ತದೆ. ಮನೆ ಎಲ್ಲಿದೆಯೆಂದು ಹೊರಗಿನವರಿಗೆ ತಿಳಿಯುವುದಿಲ್ಲ. ಓದಿ, ಪಟ್ಟಿಯನ್ನು ನಾನೇ ಪಾತ್ರೆಯ ತಳಕ್ಕೆ ಒತ್ತಿ ಅಂಟಿಸಿದೆ.

ಊಟ ಶುರುವಾಗುವ ಹೊತ್ತಿಗೆ ಗರಿಗರಿ ಬಿಳಿ ಅಂಗಿಯವನೊಬ್ಬ ಒಳಗೆ ಬಂದು, ಮಾರ್ನಿ ಎಂಬವಳು ಇಲ್ಲಿಗೆ ಬರುತ್ತಾಳಾ ಎಂದು ಗಟ್ಟಿಯಾಗಿ ಕೇಳಿದ. ಅಡುಗೆಮನೆಯಲ್ಲಿ ಚಮಚ ತೊಳೆಯುತ್ತಿದ್ದ ಮಾರ್ನಿ ನನ್ನ ತೋಳು ಹಿಡಿದು ಪಿಸುಗುಟ್ಟಿದಳು.

"ರಸ್ಸೆಲ್. ನನ್ನ ಹಳೇ ಗಂಡ. ಹತ್ರ ಸುಳೀಬಾರ್ದು ಅಂತ ಕೋರ್ಟ್ ಹೇಳಿದೆ. ಊರೂರಿನ ಚರ್ಚಲ್ಲಿ ನನ್ನ ಹುಡುಕ್ತಾನೇ ಇದಾನೆ."

"ಉಗ್ರಾಣಕ್ಕೆ ಹೋಗಿ ಬಾಗಿಲು ಹಾಕ್ಕೋ. ಪೊಲೀಸಿಗೆ ಫೋನ್ ಮಾಡು," ಎಂದು ಅವಳನ್ನು ಒಳಗೆ ದಬ್ಬಿ ಹೊರಬಂದೆ.

ಅಷ್ಟರಲ್ಲಿ ಆಸಾಮಿಯ ಕಣ್ಣು ನೀಲಿ ಪಾತ್ರೆಯ ಮೇಲೆ ಬಿದ್ದಿತ್ತು. ನಾನು ಮೇಜಿನ ಹತ್ತಿರ ಓಡಿದೆ.

"ಇದು ನನ್ನ ಹೆಂಡ್ತೀದು!"

"ಹೌದಾ? ಯಾವುದೋ ಸಾವಿನೂಟಕ್ಕೆ ಬಂದಿದ್ದು, ಇಲ್ಲೇ ಉಳೀತು. ಕೇಳೋರಿಲ್ಲ ಅಂತ ನಾವೇ ಬಳಸ್ತಿದೀವಿ."

"ವಿಳಾಸ ಗೊತ್ತಿಲ್ವಾ?"

ನಾನು ಎರಡೂ ಕೈ ಅಡ್ಡ ಚಾಚಿದೆ. "ಅಯ್ಯೋ, ತಳ ಮಾತ್ರ ನೋಡ್ಬೇಡೀಪ್ಪಾ! ದಮ್ಮಯ್ಯ!"

ಬೇಡ ಅಂದಮೇಲೆ ಬಿಡುತ್ತಾನೆಯೇ? ಪಾತ್ರೆ ಎತ್ತಿ ಮಗುಚಿಯೇಬಿಟ್ಟ. ಬಿಸಿಬಿಸಿ ಚೀಸು, ಆಲೂಗಡ್ಡೆ ಆ ಬಿಳಿ ಅಂಗಿಯ ಮೇಲೆಲ್ಲ ಇಳಿಯಿತು. ಅಯ್ಯಯ್ಯೋ ಎಂದು ಕುಣಿಯುತ್ತಲೇ ಓದಿದ. "ಒಲಿಂಪಿಯಾ! ಸಿಕ್ಕಿಬಿದ್ಲು!" ಎಂದು ಕಾರಿಗೆ ಓಡಿದ. ಅಂಚೆ ಪೆಟ್ಟಿಗೆಯೊಳಗೆ ಹೆಂಡತಿಯನ್ನು ಹುಡುಕಲು ಹೊರಟ ಮಹಾಶಯ! ಊರ ಸೇತುವೆ ದಾಟುವ ಮೊದಲೇ ಪೊಲೀಸರು ಹಿಡಿದರು. ಎದೆಯ ಮೇಲಿನ ಚೀಸು ಇನ್ನೂ ಆರಿರಲಿಲ್ಲವಂತೆ.

ಎಲ್ಲರೂ ನಕ್ಕರು. ಮಾರ್ನಿ ನಗಲಿಲ್ಲ. ಉಗ್ರಾಣದಿಂದ ಬಂದವಳೇ ಕೋಟು ಹಾಕಿಕೊಂಡಳು.

"ಮತ್ತೆ ಊರು ಬಿಡ್ಬೇಕು. ಎಲ್ಲಿಗೆ ಹೋದ್ರೂ ನಾನೊಬ್ಳೇ."

ನನಗೆ ಸಂಕಟವೂ ಆಯಿತು, ಸಿಟ್ಟೂ ಬಂತು. ಖಾಲಿಯಾಗಿದ್ದ ನನ್ನ ಹುರುಳಿಕಾಯಿ ಪಾತ್ರೆಯನ್ನು ಅವಳ ಮುಂದೆ ಬೋರಲು ಹಾಕಿದೆ. ಅವಳು ಓದಿದಳು. ಇನ್ನೊಮ್ಮೆ ಓದಿದಳು.

"ಇದು... ನನ್ನ ವಿಳಾಸ."

"ನಂದೂನೂ ಅದೇ ಕಣೇ. ನೀನು ಬಂದಾಗ್ಲಿಂದ ಇಬ್ರೂ ಒಂದೇ ಪೆಟ್ಟಿಗೇಲಿದೀವಿ, ಒಂದು ದಿನಾನಾದ್ರೂ ಕಾಫಿಗೆ ಕರೆದ್ಯಾ?"

ಮಾರ್ನಿ ಅಳುತ್ತಲೇ ನಕ್ಕು ಕೋಟು ಬಿಚ್ಚಿದಳು.